ಝುಮ್ರಕ್ಕ ಇಟ್ಟ ಮೂರನೇ ಕಾಫಿ

ದ್ರಿನಾ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಸಂತೆಬೀದಿಯ ಮೂಲೆಯ ಪುಟ್ಟ ಅಂಗಡಿಯಲ್ಲಿ ಝುಮ್ರಕ್ಕ ಆಗಲೇ ಕಾಫಿ ಬೀಜ ಹುರಿಯುತ್ತಿದ್ದಾರೆ. ಹಿತ್ತಾಳೆಯ ಕೈಗಿರಣಿ ತಿರುಗಿಸಿ ತಿರುಗಿಸಿ ಅವರ ಬಲಭುಜ ಜೋತುಬಿದ್ದಿದೆ. ತರಕಾರಿ ಮಾರುವವರಿಗೂ ಬಸ್ಸಿನ ಚಾಲಕರಿಗೂ ದಿನದ ಮೊದಲ ಗುಟುಕು ಇವರ ಕೈಯದೇ. ಆದರೂ ಇವರನ್ನು ಹೆಸರು ಹಿಡಿದು ಹೊಗಳಿದವರನ್ನು ನಾನಂತೂ ಕಂಡಿಲ್ಲ.

ಯುದ್ಧದ ಮೊದಲ ಬೇಸಿಗೆಯಲ್ಲಿ ಇವರ ಗಂಡ ರಮೀಜ್‌ನನ್ನು ಊರಿನ ಇತರ ಗಂಡಸರ ಜೊತೆ ಪೊಲೀಸರು ಸೇತುವೆಯತ್ತ ನಡೆಸಿಕೊಂಡು ಹೋದರು. ಯಾರೂ ಮರಳಲಿಲ್ಲ. ಮಣ್ಣು ಮಾಡಲು ಒಂದು ಮೂಳೆಯೂ ಸಿಕ್ಕಿಲ್ಲ. ಅದರ ಆರೋಪ ಹೊತ್ತಿರುವ ಅಂದಿನ ಪೊಲೀಸ್ ಮುಖ್ಯಸ್ಥ ಗೊಯ್ಕೊ ಈಗ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಕಟಕಟೆಯಲ್ಲಿದ್ದಾನೆ. ಆ ದಿನ ತಾನು ಊರಲ್ಲೇ ಇರಲಿಲ್ಲ ಎನ್ನುತ್ತಾನೆ. ಇರಲಿಲ್ಲವಂತೆ! ಅವತ್ತು ಬೆಳಿಗ್ಗೆ ಇದೇ ಕಿಟಕಿಯ ಪಕ್ಕ ಕೂತು ಕಾಫಿ ಕುಡಿದವನು ಅವನು. ಕೊಟ್ಟವರು ಝುಮ್ರಕ್ಕ. ಬೇರೆ ಸಾಕ್ಷಿಯಿಲ್ಲ. ಇವರು ಸುಮ್ಮನಾದರೆ ಅವನ ಸುಳ್ಳೇ ಗೆಲ್ಲುತ್ತದೆ.

ಮುಂದಿನ ವಾರ ಇವರ ಸಾಕ್ಷಿ. ಅದನ್ನು ಪತ್ರಿಕೆಗೆ ಬರೆಯಲು ಬಂದ ನಾನು ಇವರೊಡನೆ ಮಾತಾಡುತ್ತಿರುವಾಗಲೇ ಗೊಯ್ಕೊನ ತಮ್ಮ ಮಿಲಾಂಕೊ ಟೋಪಿ ತೆಗೆದು ಒಳಗೆ ಬಂದು ಕೂರುತ್ತಾನೆ.

"ಅಕ್ಕಾ, ಹತ್ತು ವರ್ಷ ಆಯ್ತು. ನೆನಪಿಲ್ಲ ಅಂದ್ಬಿಡು. ನಾಳೆ ನೀನೂ ಇದೇ ಬೀದೀಲಿ ಬದುಕ್ಬೇಕಲ್ವಾ?"

ಹೆದರಿಸುವುದಕ್ಕೂ ಎಂಥ ನಯ! ನನಗೆ ಮೈ ಉರಿಯುತ್ತದೆ. ಝುಮ್ರಕ್ಕ ಮಾತ್ರ ಒಲೆಯ ಕಡೆ ತಿರುಗುತ್ತಾರೆ. ನಮ್ಮಲ್ಲಿ ಬಂದವರಿಗೆ ಮೊದಲ ಕಾಫಿ ಸ್ವಾಗತಕ್ಕೆ, ಎರಡನೆಯದು ಹರಟೆಗೆ. ಮೂರನೆಯದು ಬಂತೆಂದರೆ ಎದ್ದು ಹೊರಡಬೇಕು. ಅವರು ಬಟ್ಟಲನ್ನು ಅವನ ಮುಂದಿಡುತ್ತಾರೆ.

"ಇದು ಮೂರನೇದು, ಮಿಲಾಂಕೊ. ಮೊದಲ್ನೇದು, ಎರಡ್ನೇದು ನಿಮ್ಮಣ್ಣ ಅವತ್ತೇ ಕುಡಿದು ಹೋದ."

ಮಿಲಾಂಕೊ ಬಟ್ಟಲು ಮುಟ್ಟದೆ ಎದ್ದು ಹೋಗುತ್ತಾನೆ. ಅವರು ಆ ಕಾಫಿಯನ್ನು ಬೀದಿಗೆ ಚೆಲ್ಲಿ, ಬಟ್ಟಲು ತೊಳೆದು ಮತ್ತೆ ಗಿರಣಿಗೆ ಕೈ ಹಾಕುತ್ತಾರೆ.

ಪರದೆಯ ಹಿಂದೆ ಕೂತು ಸಾಕ್ಷಿ ಹೇಳಬಹುದು ಎಂದು ನ್ಯಾಯಮಂಡಳಿಯವರು ಹೇಳಿದ್ದರಂತೆ. ಇವರು ಒಪ್ಪಿಲ್ಲ. ಪತ್ರಿಕೆಯಲ್ಲಿ ಹೆಸರು ಮರೆಮಾಚಲೇ ಎಂದು ನಾನೂ ಕೇಳುತ್ತೇನೆ.

"ಅವನಿಗೆ ಕಾಫಿ ಕೊಡುವಾಗ ನಾನು ಮುಖ ಮುಚ್ಕೊಂಡಿದ್ನಾ? ಹೆಸರು ಹಾಕೇ ಬರೀಮ್ಮಾ."

ಇನ್ನೇನಾದರೂ ಆಸೆ?

"ಒಂದೇ. ನ್ಯಾಯಾಧೀಶರು ಒಪ್ಪಿದ್ರೆ ಅವನನ್ನೇ ಕೇಳ್ತೀನಿ. ಅವತ್ತು ಬಟ್ಟಲು ಖಾಲಿ ಮಾಡಿ, ಕಾಫಿ ಚೆನ್ನಾಗಿದೆ ಅಂದ್ಯಲ್ಲ ಗೊಯ್ಕೊ. ಆಮೇಲೆ ನನ್ನ ರಮೀಜ್‌ನ ಎಲ್ಲಿ ಬಿಟ್ಟೆ?"