ಮುಖದ ಮೇಲೆ ಗೀಚಬೇಡಿ

ಮೊನ್ನೆ ಹುಣಸೂರು ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ರಿಪೇರಿಯವರು ಸಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಘಾಟಿಗೆ ನಮ್ಮ ಕ್ಯಾಡ್ ಸಾರ್ ಕಣ್ಮುಂದೆ ಬಂದು ನಿಂತರು.

ಯಂತ್ರದ ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ಬರೆಯೋದು ಕಲಿಸುತ್ತಿದ್ದ ಆ ಮೇಷ್ಟ್ರ ಮೇಜಿನ ಮೇಲೆ ಇಂಥದೇ ಒಂದು ಡಬ್ಬಿ ಸದಾ ಇರುತ್ತಿತ್ತು. ಸಾರ್ ಸೈಡಲ್ಲಿ ಪಂಕ್ಚರ್ ಅಂಗಡಿ ಇಟ್ಟವ್ರೆ ಅಂತ ನಾವು ಹುಡುಗಿಯರು ಕಿಸಿಕಿಸಿ ನಗುತ್ತಿದ್ದೆವು...

ಸಾರ್ ಹಂಪಾಪುರದಿಂದ ಬಸ್ಸಿನಲ್ಲಿ ನಮ್ಮ ತರಬೇತಿ ಕೇಂದ್ರಕ್ಕೆ ಬರುತ್ತಿದ್ದರು. ನಮಗೋ ಡಿಪ್ಲೊಮಾ ಮುಗಿಸಿದ ಹುರುಪು, ಮೌಸ್ ಸಿಕ್ಕಿದ್ದೇ ಗೀಚೋಕೆ ಶುರು. ಪರದೆಯ ಮೇಲೆ ಒಂದು ಡಬ್ಬ ಎಬ್ಬಿಸೋದು, ಅದರ ಮುಖ, ಅಂದರೆ ಮೇಲ್ಮೈ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಸಾರ್ ಬಂದು ಬುಡದ ಅಳತೆಯೊಂದನ್ನು ಬದಲಾಯಿಸಿದರೆ ಮೇಲಿನದೆಲ್ಲ ನೆಲೆ ತಪ್ಪಿ ಪರದೆ ಪೂರಾ ತಪ್ಪು ತೋರಿಸುವ ಕೆಂಪು. “ಮುಖದ ಮೇಲೆ ಗೀಚಬೇಡ್ರಮ್ಮ. ಮುಖ ಇವತ್ತಿರ್ತದೆ, ನಾಳೆ ಇರಲ್ಲ. ಮೊದ್ಲು ಪ್ಲೇನ್ ಹಾಕಿ” ಅನ್ನುತ್ತಿದ್ದರು. ಪ್ಲೇನ್ ಅಂದರೆ ವಸ್ತುವಿಗೆ ಸೇರದ, ಬರೀ ನಮ್ಮ ಆಧಾರಕ್ಕೆ ಅಂತ ಹರಡಿಕೊಳ್ಳುವ ಹಾಳೆ. ವಸ್ತು ಹೇಗೇ ಬದಲಾಗಲಿ, ನಾವು ಇಟ್ಟ ಜಾಗದಿಂದ ಅದು ಕದಲೋದಿಲ್ಲ. ನಮಗೆ ಆ ಪಾಠ ಮಹಾ ಬೋರು.

ಒಂದು ಸಂಜೆ ಅವರ ಮಗಳು ಬಂದಳು. ಆಗಿನ್ನೂ ಪುಟ್ಟವಳು. ಹುಟ್ಟಿನಿಂದಲೇ ಒಂದು ಕಾಲು ಗಿಡ್ಡ, ಆ ಕಾಲಿನ ಚಪ್ಪಲಿಗೆ ದಪ್ಪನೆಯ ಅಟ್ಟೆ. ಅದನ್ನು ಸಾರೇ ಮಾಡುತ್ತಿದ್ದರಂತೆ. ಕಂಪ್ಯೂಟರಿನಲ್ಲಿ ಬರೆದು, ಪದರಪದರವಾಗಿ ಕಾಗದಕ್ಕಿಳಿಸಿ, ರಬ್ಬರ್ ಹಾಳೆ ಕತ್ತರಿಸಿ ಸಲ್ಯೂಷನ್ ಹಚ್ಚಿ ಅಂಟಿಸೋದು.

“ಮೊದಲ್ನೇ ಸಲ ನಾನೂ ನಿಮ್ಮಂಗೇ ಗೀಚಿದ್ದೆ ಕಣಮ್ಮ” ಅಂದರು. “ಮಗು ಬೆಳೀತು. ಅಳತೆ ಬದಲಾಯಿಸ್ದೆ, ಡ್ರಾಯಿಂಗ್ ಎಲ್ಲಾ ಕಿತ್ತೋಯ್ತು. ಸ್ಕೂಲು ಶುರುವಾದ್ರೂ ಹೊಸ ಅಟ್ಟೆ ಇಲ್ದೆ ಅವಳು ಮನೇಲೇ ಕೂತಿದ್ಲು.”

ಬಯ್ದಿದ್ದರೂ ನನಗೆ ಅಷ್ಟು ನಾಟುತ್ತಿರಲಿಲ್ಲ. ಅವತ್ತಿಂದ ನಾನು ಮೊದಲು ಪ್ಲೇನ್ ಹಾಕದೆ ಒಂದು ಗೆರೆಯನ್ನೂ ಎಳೆದವಳಲ್ಲ.

ನನಗೆ ಪಿರಿಯಾಪಟ್ಟಣದ ವರ್ಕ್‌ಶಾಪೊಂದರಲ್ಲಿ ಕೆಲಸ ಸಿಕ್ಕಿದ ಮೇಲೆ ಸಾರ್‌ಗೆ ಕಿಡ್ನಿ ಕೈಕೊಟ್ಟಿತು. ನೋಡೋಕೆ ಹೋದಾಗ ಮಗಳ ಅಟ್ಟೆಯ ಫೈಲಿದ್ದ ಪೆನ್‌ಡ್ರೈವೊಂದನ್ನು ಕೈಗಿಟ್ಟರು. “ನೆಲಕ್ಕೊಂದು ಪ್ಲೇನು, ಪಾದಕ್ಕೊಂದು ಪ್ಲೇನು. ನಡುವಿನ ಎತ್ತರ, ಪಾದದ ಉದ್ದ, ಇಷ್ಟು ಬದಲಾಯಿಸು ಸಾಕು. ಅವಳಿನ್ನೂ ಬೆಳೀಬೇಕಲ್ಲ...”

“ನೀವೇ ಮಾಡ್ತೀರಿ ಬುಡಿ ಸಾರ್” ಅಂದೆ. ನಕ್ಕು, ಕಾಫಿ ಕುಡಿ ಅಂದರು. ಆ ಮಳೆಗಾಲ ಅವರು ದಾಟಲಿಲ್ಲ.

ಈ ವರ್ಷ ಆ ಹುಡುಗಿ ಪಿಯುಸಿಗೆ ಸೇರಿದಳು. ಸಾರ್ ಮಾಡಿಟ್ಟು ಹೋಗಿದ್ದ ಅಟ್ಟೆ ಸಾಲದೆ ಸೊಂಟನೋವು, ಕಾಲೇಜಿಗೆ ಹೋಗೋಕಾಗ್ತಿಲ್ಲ ಅಂತ ಅವರಮ್ಮ ಫೋನು ಮಾಡಿದರು. ಅಳತೆ ತಗೊಂಡು ಬಂದು ಫೈಲು ತೆರೆದೆ. ಅಂಕಿ ಬದಲಾಯಿಸಿದೆ, ಕೆಂಪಾದರೆ ಕೇಳೋಕೆ ಸಾರ್ ಇಲ್ಲ. ಎಲ್ಲೂ ಕೆಂಪಾಗಲಿಲ್ಲ. ಪದರಗಳೆಲ್ಲ ತಂತಮ್ಮ ಜಾಗಕ್ಕೆ ಹೋಗಿ ಕೂತವು.

ನಾನು ಅಂಟಿಸಿಕೊಟ್ಟ ಹೊಸ ಅಟ್ಟೆ ಹಾಕಿಕೊಂಡು ಹುಡುಗಿ ಅಂಗಳದಲ್ಲಿ ಓಡಾಡಿದಳು. “ಇನ್ನೂ ಬೆಳೆದ್ರೆ ಏನಕ್ಕಾ ಮಾಡೋದು?” ಅಂದಳು.

“ಬೆಳಿಯವ್ವ. ನಿಮ್ಮಪ್ಪ ಅದಕ್ಕೂ ಮಾಡಿಟ್ಟವ್ರೆ” ಅಂದೆ.

ಬ್ಯಾಗು ಹೆಗಲಿಗೇರಿಸಿ ಬಸ್ಸಿನ ಕಡೆ ನೆಟ್ಟಗೆ ನಡೆದುಹೋದಳು. ನನಗೆ ಅಳು ತಡೆಯೋಕಾಗಲಿಲ್ಲ. ಅದನ್ನು ನೋಡೋಕೆ ಸಾರ್ ಇರಬೇಕಾಗಿತ್ತು.