ಹಂಸದ ಬೆನ್ನೇರಿದ ರಾಜಕುಮಾರ

ಯುದ್ಧದ ಕಾಲ. ಕಾಗದ ಸಿಗದೆ, ನಮ್ಮ ಮೇಷ್ಟರ ಮನೆಗೆ ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುತ್ತಿದ್ದ ಮಕ್ಕಳ ಪತ್ರಿಕೆ ನಿಂತೇಹೋಯಿತು. ನಿಂತದ್ದಾದರೂ ಎಲ್ಲಿ? ಅದರಲ್ಲೊಂದು ಚಿತ್ರಕಥೆ ಬರುತ್ತಿತ್ತು; ಪುಟಕ್ಕೆ ಆರು ಚಿತ್ರ, ಒಂದೊಂದರ ಕೆಳಗೂ ಎರಡು ಸಾಲು. ಮೂರು ಗರಿಯ ಪೇಟ ತೊಟ್ಟ ರಾಜಕುಮಾರನನ್ನು ರಾಕ್ಷಸಿ ಪಾಳುಬಾವಿಗೆ ತಳ್ಳಿದ್ದಳು. ಅಷ್ಟೇ. ಮುಂದಿನ ಸಂಚಿಕೆ ಬರಲಿಲ್ಲ, ಅವನು ಬಾವಿಯಲ್ಲೇ ಉಳಿದ. ಹತ್ತು ವರ್ಷದ ನನಗೆ ಊಟ ಸೇರದಷ್ಟು ಸಿಟ್ಟು. ಅಂಥ ಅನ್ಯಾಯ ಸಹಿಸುವ ಜಾಯಮಾನ ನನ್ನದಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ನೇಕಾರರ ಮನೆ. ಅಪ್ಪ ಸೀರೆಯಂಚಿನ ಚಿತ್ತಾರವನ್ನು ಸಣ್ಣ ಸಣ್ಣ ಚೌಕಗಳಿರುವ ಕಾಗದದಲ್ಲಿ ಬರೆಯುತ್ತಿದ್ದರು. ತುಂಬಿದ ಚೌಕಗಳನ್ನು ನೋಡಿಕೊಂಡು ಪಕ್ಕದ ಬೀದಿಯ ತಾತ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಿದ್ದರು. ಆ ಪಟ್ಟಿಗಳನ್ನು ಮಗ್ಗಕ್ಕೆ ಏರಿಸಿದರೆ ಅದೇ ಚಿತ್ರ ಜರಿಯಲ್ಲಿ ಮೂಡುತ್ತಿತ್ತು.

ಆ ಸಲ ನಮ್ಮೂರ ಪಕ್ಕದ ಹಳ್ಳಿ ಮಧುರೆಯ ಒಕ್ಕಲು ಮನೆಯೊಂದರ ಧಾರೆ ಸೀರೆಗೆ ಅಪ್ಪ ಬರೆದದ್ದು ಹಂಸ. ಅದರ ಬಿಚ್ಚಿದ ರೆಕ್ಕೆ ಕಂಡದ್ದೇ ತಡ, ಬಾವಿಯಿಂದ ಮೇಲೆ ಬರುವ ದಾರಿ ನನಗೆ ಹೊಳೆಯಿತು. ಅಪ್ಪ ಊಟಕ್ಕೆ ಎದ್ದಾಗ ಹಂಸದ ಬೆನ್ನ ಮೇಲೆ ಒಂದಷ್ಟು ಚೌಕಗಳನ್ನು ಸೀಸದ ಕಡ್ಡಿಯಿಂದ ತುಂಬಿ ರಾಜಕುಮಾರನನ್ನು ಕೂರಿಸಿದೆ. ಮೂರು ಗರಿ ಮರೆಯಲಿಲ್ಲ. ಸಂಜೆ ಅಳಿಸೋಣ ಅಂದುಕೊಂಡು ಶಾಲೆಗೆ ಹೋದೆ. ಬರುವಷ್ಟರಲ್ಲಿ ಕಾಗದ, ಅಪ್ಪ ಇನ್ನೊಮ್ಮೆ ನೋಡದೆಯೇ, ತಾತನ ಕೈ ಸೇರಿತ್ತು. ಅವರು ಬರೆದದ್ದನ್ನು ಹೊಡೆಯುವವರೇ ಹೊರತು ಯಾಕೆ ಅಂತ ಕೇಳುವವರಲ್ಲ. ಬಾಯಿ ಬಿಡಲು ನನಗೆ ಧೈರ್ಯ ಬರಲಿಲ್ಲ.

ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ನೇಯುವವರಿಗೆ ಕಾಣುವುದು ಅದರ ಬೆನ್ನು. ಅಪ್ಪ ಎರಡು ಮೊಳ ನೇಯ್ದ ಮೇಲೆ ಕೆಳಗೆ ಕನ್ನಡಿ ಹಿಡಿದು ನೋಡಿದರು. ಸಾಲು ಹಂಸಗಳು, ಒಂದೊಂದರ ಮೇಲೂ ಒಬ್ಬ ಸವಾರ.

"ಯಾರ್ದು ಈ ಕೆಲ್ಸ?"

"ನಂದೇ ಕಣಪ್ಪಾ," ಎಂದೆ.

ಅಪ್ಪ ಬೈಯಲೂ ಇಲ್ಲ, ಹೊಡೆಯಲೂ ಇಲ್ಲ, ಮಗ್ಗದ ಗುಣಿಯಲ್ಲೇ ಕುಸಿದು ಕೂತರು. ಧಾರೆಗೆ ಎಂಟೇ ದಿನ. ಹೊಸದಾಗಿ ಪಟ್ಟಿ ಹೊಡೆಸಿ ನೇಯುವಷ್ಟು ದಿನವೂ ಇರಲಿಲ್ಲ, ರೇಷ್ಮೆಯೂ ಇರಲಿಲ್ಲ. ಮದುವೆ ಹೆಣ್ಣಿಗೆ ಸೀರೆ ಇಲ್ಲದ ಹಾಗೆ ಮಾಡಿದ ಪಾಪಿ ನಾನು.

ಮಾರನೆಯ ದಿನವೇ ಆ ಹೆಣ್ಣು ತನ್ನ ಅಮ್ಮನ ಜೊತೆ ಸೀರೆ ನೋಡಲು ಬಂದಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಅವಳಮ್ಮ ಕನ್ನಡಿ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಣ್ಣಾ, ಹಂಸದ ಮ್ಯಾಲೆ ಯಾರೋ ಕುಂತವ್ನೆ?"

ಹುಡುಗಿ ಬಗ್ಗಿದಳು. ಹದಿನೈದು ತುಂಬಿರಲಿಕ್ಕಿಲ್ಲ, ಮದುವೆಗೆಂದು ಶಾಲೆ ಬಿಡಿಸಿದ್ದರು. ಕನ್ನಡಿಯಲ್ಲಿ ಕಣ್ಣು ನೆಟ್ಟವಳು ಚಪ್ಪಾಳೆ ತಟ್ಟಿಬಿಟ್ಟಳು.

"ಅಮ್ಮಾ, ನಮ್ ಇಸ್ಕೂಲ್ ಪುಸ್ತಕ್ದೋನು ಕಣಮ್ಮಾ! ಬಾವಿಗೆ ಬಿದ್ದಿದ್ನಲ್ಲ! ಸದ್ಯ, ಈಚೆಗ್ ಬಂದವ್ನೆ!"

"ತೆಗ್ದು ಬೇರೆ ನೇಯ್ಲಾ ತಾಯಿ?" ಆಗದ ಮಾತೆಂದು ಗೊತ್ತಿದ್ದರೂ ಅಪ್ಪ ಕೇಳಿದರು.

"ಬ್ಯಾಡ ಮಾವ, ಇವ್ನೇ ಇರ್ಲಿ. ಉಟ್ಕೊಳೋಳು ನಾನಲ್ವಾ?"

ನನಗೆ ಅಳುವೇ ಬಂದುಬಿಟ್ಟಿತು, ಬದುಕಿದೆ ಅನ್ನುವ ಅಳು. ಇದು ಇವಳ ಕೆಲಸ ಎಂದು ಅಪ್ಪ ನನ್ನತ್ತ ಕೈ ತೋರಿಸಿದರು. ಹುಡುಗಿ ಬಾಗಿಲ ಹತ್ತಿರ ಬಂದು ಪಿಸುಗುಟ್ಟಿದಳು: "ನಂಗಿನ್ನು ಪುಸ್ತಕ ಸಿಗಾಕಿಲ್ಲ. ರಾಕ್ಷಸಿ ಏನಾದ್ಲು, ಹೇಳೇ."

ಮೂಗೊರೆಸಿಕೊಂಡು, ಬಾಗಿಲಲ್ಲೇ ಕೂತು, ಕಥೆಯನ್ನು ಕೊನೆಯ ತನಕ ಕಟ್ಟಿ ಹೇಳಿದೆ.