ಅಕ್ಕ ಇಟ್ಟ ಎಡೆ

ಅಕ್ಕನ ಎಡಹುಬ್ಬು ಅರ್ಧಕ್ಕೇ ನಿಂತಿತ್ತು. ಉಳಿದರ್ಧವನ್ನು ಒಲೆ ತಿಂದಿತ್ತು. ಸಾರು ಕುದಿಯುವಾಗ ಅವಳು ಕುಕ್ಕರುಗಾಲಲ್ಲಿ ಕೂತು, ಮುಖ ಓರೆ ಮಾಡಿ ಮಡಕೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ ವಾಸನೆ ಹಿಡಿಯುವಳು. ಆಗ ಎದ್ದ ಉರಿ ಹುಬ್ಬಿನ ತುದಿಯನ್ನು ಸುಟ್ಟುಬಿಡುವುದು. ಮತ್ತೆ ಬೆಳೆಯುವುದು, ಮತ್ತೆ ಸುಡುವುದು. ಹೊಸದಾಗಿ ಆ ಮನೆ ಸೇರಿದ್ದ ನಾನು ಅದನ್ನು ಕಂಡು ಮುಸಿಮುಸಿ ನಕ್ಕಾಗ, “ನಗು ಕಣಮ್ಮಿ, ನಗು. ನಾಳೀಕೆ ನೀನೂ ಇದೇ ಒಲೆ ಮುಂದ್ಕೆ ಬರ್ಬೇಕಲ್ಲ, ಆಗ ನಿನ್ ಹುಬ್ಬು ನಾನ್ ನೋಡ್ತೀನಿ” ಅಂದಿದ್ದಳು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮ ಮನೆ ಬಾಗಲೂರಿಗೆ ಹತ್ತಿರ. ಅವಳ ತವರು ಡೆಂಕಣಿಕೋಟೆಯ ಕಡೆ. ತಾಯಿ ತೆಲುಗಿನವಳು, ಗೋಡೆಯಾಚೆಯ ಮನೆಯವರು ತಮಿಳರು, ಕೊಟ್ಟದ್ದು ಕನ್ನಡದ ನಮ್ಮ ಮನೆಗೆ. ಹೀಗಾಗಿ ಅವಳ ಒಲೆಗೆ ಮೂರು ಭಾಷೆಯೂ ಬರುತ್ತಿತ್ತು. ತಾಯಿಯ ಕೈಯಿಂದ ಕಲಿತ ಪುಂಡಿಸೊಪ್ಪು ಬೇಳೆಯ ಪಪ್ಪು ಒಂದು ದಿನ, ಗೋಡೆಯಾಚೆಯವರಿಂದ ಕಲಿತ, ಹುಣಸೆಹುಳಿ ಮುಂದಾದ ಬದನೆಕಾಯಿ ಕೊಳಂಬು ಇನ್ನೊಂದು ದಿನ, ನಮ್ಮ ಬಸ್ಸಾರು ಮತ್ತೊಂದು ದಿನ. ನನ್ನ ಅಡುಗೆಯ ಬಗ್ಗೆ ಹೇಳುವುದಾದರೆ, ನಾನು ಬಂದಾಗ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿ ಬಸ್ಸಾರು ಮಾಡಲು ಹೊರಟವಳು. ಅಕ್ಕ ಬೈಯಲಿಲ್ಲ. “ಅಯ್ಯೋ, ಸಾರೇ ಚೆಲ್ಬುಟ್ಯಲ್ಲೇ” ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೈ ಹಿಡಿದು ಕಲಿಸಿದಳು.

ಅದು ಯುದ್ಧದ ಕಾಲ. ರಂಗೂನಿನಿಂದ ಬರುತ್ತಿದ್ದ ಅಕ್ಕಿ ನಿಂತುಹೋಗಿತ್ತು. ಸಕ್ಕರೆಗೆ, ಸೀಮೆಎಣ್ಣೆಗೆ ಸಾಲು ನಿಲ್ಲಬೇಕು. ಇದ್ದದ್ದು ರಾಗಿ, ಹುರುಳಿ, ಹಿತ್ತಲ ಸೊಪ್ಪು. ಅಷ್ಟರಲ್ಲೇ ಅಕ್ಕ ಮನೆಯವರನ್ನೆಲ್ಲ ಹೊಟ್ಟೆ ತುಂಬ ಉಣ್ಣಿಸಿ ಏಳಿಸುತ್ತಿದ್ದಳು. ಹುರುಳಿಕಟ್ಟಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಒಗ್ಗರಣೆ ಕೊಟ್ಟರೆ, ಹೊಲದಿಂದ ಸುಸ್ತಾಗಿ ಬಂದ ಗಂಡಸರು ಮಾತಿಲ್ಲದೆ ಇನ್ನೊಂದು ಮುದ್ದೆಗೆ ತಟ್ಟೆ ಚಾಚುತ್ತಿದ್ದರು. ಇಷ್ಟೆಲ್ಲ ಮಾಡಿದವಳು ಅವರ ಹಾಗೆ ಕೂತು ಉಂಡದ್ದನ್ನು ನಾನು ಅಷ್ಟಾಗಿ ಕಾಣೆ.

ಭಾವ, ಅಂದರೆ ಅಕ್ಕನ ಗಂಡ, ಆಗಲೇ ದಂಡಿನ ಪಟಾಲಮ್ಮಿಗೆ ಸೇರಿ ಹೋಗಿದ್ದರು. ಎತ್ತು, ಕುದುರೆ ಪಳಗಿಸುವುದರಲ್ಲಿ ಅವರು ಗಟ್ಟಿಗರು. ಸಾಮಾನು ಹೊರುವ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟು ಬರ್ಮಾದ ಕಡೆ ಕಳಿಸಿದರಂತೆ. ಅವರಿಗೆ ಹಿತಕಿದ ಬೇಳೆ ಸಾರೆಂದರೆ ಪ್ರಾಣ. ನೆನೆದ ಅವರೆಕಾಳನ್ನು ಒಂದೊಂದಾಗಿ ಹಿಸುಕಿ, ಸಿಪ್ಪೆ ಬೇರೆ ಬೇಳೆ ಬೇರೆ ಮಾಡಿ, ಮಸಾಲೆ ಅರೆದು ಹಾಕುವ ಸಾರು ಅದು. ಹೋಗುವ ದಿನವೂ ಅದನ್ನೇ ಉಂಡು ಹೋದರು.

ಆಮೇಲೆ ಬಂದದ್ದು ಒಂದೇ ಸುದ್ದಿ: ಕಾಣೆಯಾಗಿದ್ದಾರೆ. ಸತ್ತರೆಂದೂ ಇಲ್ಲ, ಇದ್ದಾರೆಂದೂ ಇಲ್ಲ. ಯುದ್ಧ ಮುಗಿದು, ಕೃಷ್ಣಗಿರಿ ಕಡೆಯ ಒಬ್ಬಿಬ್ಬರು ಸಿಪಾಯಿಗಳು ಊರಿಗೆ ಮರಳಿದರು. ನನ್ನ ಗಂಡ ಹೋಗಿ ಅವರನ್ನು ಕೇಳಿಕೊಂಡು ಬಂದರು. ಅವರಿಗೂ ಏನೂ ಗೊತ್ತಿರಲಿಲ್ಲ. ಅಕ್ಕ ಮಾತ್ರ ಬಳೆ ತೊಟ್ಟೇ ಇದ್ದಳು, ಕುಂಕುಮ ಇಟ್ಟೇ ಇದ್ದಳು. ಹಿತಕಿದ ಬೇಳೆ ಸಾರನ್ನು ಮಾತ್ರ ಮಾಡುತ್ತಿರಲಿಲ್ಲ. ಯಾರಾದರೂ ಕೇಳಿದರೆ, “ಅವ್ರು ಬರ್ಲಿ, ಮಾಡಾನ” ಅನ್ನುವಳು.

ನಮ್ಮ ಅತ್ತೆಯ ಸಂಕಟ ಬೇರೆ. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸಿ, ಒಂದು ಎಲೆಯನ್ನು ಮಾಳಿಗೆಯ ಮೇಲಿಟ್ಟು ಕಾಗೆಯನ್ನು ಕರೆಯುವುದು. ಕಾಗೆ ಮುಟ್ಟಿದರೆ ಸತ್ತವರು ಉಂಡರೆಂದು ಲೆಕ್ಕ. ಆಮೇಲೆಯೇ ಮನೆಯವರ ಊಟ. “ಎಲ್ಲಾರ್ಗೂ ಇಕ್ತೀವಿ, ನನ್ ಮಗುಂಗೆ ಮಾತ್ರ ಇಲ್ಲ. ಯಾವ್ ಕಾಡ್ನಾಗೆ ಹಸ್ಕೊಂಡು ಅಲೀತವ್ನೋ” ಎಂದು ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವರು. ಯಾರ ಪರ ನಿಲ್ಲಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಒಬ್ಬಳಿಗೆ ಮಗ ಹಸಿದಿದ್ದಾನೆಂಬ ದುಃಖ, ಇನ್ನೊಬ್ಬಳಿಗೆ ಗಂಡ ಬದುಕಿದ್ದಾನೆಂಬ ಆಸೆ. ಎರಡೂ ಒಂದೇ ಅಡುಗೆಮನೆಯಲ್ಲಿ ಬೇಯಬೇಕಿತ್ತು.

ಒಂದು ವರ್ಷ ಅತ್ತೆ ತಡೆಯಲಾರದೆ ತಾವೇ ಒಣ ಅವರೆ ನೆನೆಹಾಕಿ, ನನ್ನನ್ನು ಜೊತೆಗಿಟ್ಟುಕೊಂಡು ಆ ಸಾರು ಮಾಡಿ ಮಗನ ಹೆಸರಲ್ಲಿ ಎಡೆ ಇಟ್ಟರು. ಅಕ್ಕ ಹಿತ್ತಲಿಂದ ಒಳಗೆ ಬರಲಿಲ್ಲ. ಉಳಿದ ಹಿರಿಯರ ಎಲೆಗಳನ್ನು ಕಾಗೆಗಳು ಕಿತ್ತಾಡಿಕೊಂಡು ತಿಂದವು. ಭಾವನ ಎಲೆಯನ್ನು ಮಾತ್ರ ಒಂದೂ ಮುಟ್ಟಲಿಲ್ಲ. ನುಗ್ಗೆಮರದ ಮೇಲೆ ಕೂತು ಕತ್ತು ಓರೆ ಮಾಡಿ ನೋಡಿದವು, ಹಾರಿಹೋದವು. ಹೊತ್ತು ಇಳಿಯಿತು, ಮನೆಯವರೆಲ್ಲ ಉಪವಾಸ.

“ನನ್ ಕೈಯ್ದು ಅವ್ನಿಗ್ ಸೇರ್ನಿಲ್ಲ. ಹೆಂಡ್ತಿ ಕೈಯಡ್ಗೆ ಬೇಕು ಅಂತ ಮುನಿಸ್ಕೊಂಡವ್ನೆ” ಎಂದು ಅತ್ತೆ ಗೋಳಾಡಿದರು.

ಅಕ್ಕ ಹಿತ್ತಲಿಂದ ಓಡಿಬಂದಳು. ಅವಳ ಮುಖವನ್ನು ಅಷ್ಟು ಬೆಳಕಾಗಿ, ಅಷ್ಟು ಎಳೆಯದಾಗಿ ನಾನು ಯಾವತ್ತೂ ಕಂಡಿರಲಿಲ್ಲ. “ಸತ್ತಿದ್ರೆ ತಾನೆ ಅತ್ತೆಮ್ಮ ಮುಟ್ಟಾದು! ಬದುಕವ್ರೆ. ಅದ್ಕೇ ಮುಟ್ನಿಲ್ಲ” ಅಂದಳು. ಆ ವರ್ಷ ಅವಳು ಹಾಡಿಕೊಂಡು ಅಡುಗೆ ಮಾಡಿದಳು. ಆ ವರ್ಷ ಉಂಡಷ್ಟು ಹಗುರಾದ ಮನಸ್ಸಿನಿಂದ ನಾನು ಮತ್ತೆ ಉಂಡಿಲ್ಲ.

ಮುಂದಿನ ಮಹಾಲಯದ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದಿದ್ದರು. ಗಂಜಿಯನ್ನೂ ಒಲ್ಲೆನ್ನುತ್ತಿದ್ದರು. ಅಕ್ಕ ಬಾಯಿಗೆ ಹಿಡಿದ ಬಟ್ಟಲನ್ನು ತಳ್ಳಿ, “ನನ್ ಮಗುಂಗೆ ಇಕ್ದೆ ನಂಗ್ಯಾಕೆ ಇಕ್ತೀಯೇ? ಒಂದ್ ದಪ ಮಾಡವ್ವ, ನಿನ್ ಕಾಲ್ ಕಟ್ಕಂತೀನಿ” ಎಂದು ಅತ್ತರು.

ಅಕ್ಕ ಬಟ್ಟಲನ್ನು ಕೆಳಗಿಟ್ಟು, “ಮಾಡ್ತೀನಿ. ನನ್ ಕೈಯಡ್ಗೆ ಅವ್ರಿಗೆ ಗೊತ್ತು. ಅದ್ನೂ ಕಾಗೆ ಮುಟ್ನಿಲ್ಲಾಂದ್ರೆ, ಅವ್ರು ಬದುಕವ್ರೆ ಅಂತ ನೀವು ಒಪ್ಕೊಬೇಕು. ಇನ್ ಯಾವತ್ತೂ ಎಡೆ ಮಾತು ಎತ್ಬಾರ್ದು” ಅಂದಳು. ಅತ್ತೆ ತಲೆಯಾಡಿಸಿದರು.

ಬೇಳೆ ಹಿಸುಕಲು ಅಕ್ಕ ನನ್ನನ್ನು ಬಿಡಲಿಲ್ಲ. ಒಬ್ಬಳೇ ಕೂತು ಹಿಸುಕಿದಳು, ಒಬ್ಬಳೇ ಧನಿಯ ಹುರಿದು, ಕಾಯಿ ತುರಿದು ಒರಳಲ್ಲಿ ನುಣ್ಣಗೆ ಅರೆದಳು. ಎಡೆಯ ಅಡುಗೆಯನ್ನು ಇಡುವ ಮುಂಚೆ ಯಾರೂ ನಾಲಗೆಗೆ ಮುಟ್ಟಿಸುವಂತಿಲ್ಲ. ಅವಳಿಗೆ ಅದರ ಅಗತ್ಯವೂ ಇರಲಿಲ್ಲ. ಬಗ್ಗಿ ಒಮ್ಮೆ ವಾಸನೆ ಹಿಡಿದು ಮಡಕೆ ಇಳಿಸಿದಳು. ಘಮಲು ಬೀದಿಯವರೆಗೂ ಹೋಯಿತು.

ಅಕ್ಕ ತಾನೇ ಮಾಳಿಗೆ ಹತ್ತಿ ಎಲೆ ಇಟ್ಟಳು. ಏಣಿ ಇಳಿಯಲು ತಿರುಗುವಷ್ಟರಲ್ಲೇ ಕಾಗೆ ಬಂತು. ಕರೆಯಲೂ ಇಲ್ಲ. ಒಂದು ಬಂತು, ಅದರ ಹಿಂದೆ ಇನ್ನೊಂದು, ಆಮೇಲೆ ಹಿಂಡೇ ಬಂತು. ಎಲೆ ಹರಿದುಹೋಗುವ ತನಕ ತಿಂದವು. ಅಕ್ಕ ಏಣಿಯ ಮೇಲಿನ ಮೆಟ್ಟಿಲಲ್ಲೇ ನಿಂತು ನೋಡಿದಳು. ಒಳಗೆ ಅತ್ತೆ, “ಉಂಡ, ನನ್ ಮಗ ಉಂಡ” ಎಂದು ಕೈ ಮುಗಿಯುತ್ತಿದ್ದರು.

ಸಂಜೆ ನಾನು ಅವಳ ಪಕ್ಕ ಕೂತು, “ಕಾಗೆಗೇನ್ ಗೊತ್ತಕ್ಕ? ಹಸ್ದಿತ್ತು, ತಿಂತು. ಅಷ್ಟೇಯ” ಅಂದೆ.

“ಹೋದ್ ವರ್ಸ ಹಸ್ದಿರ್ನಿಲ್ವೇನಮ್ಮಿ?” ಅಂದಳು.

ಸತ್ತಿದ್ದರೆ ಮಾತ್ರ ಕಾಗೆ ಮುಟ್ಟುವುದೆಂಬುದು ಆಸೆಯಿಂದ ಅವಳೇ ಕಟ್ಟಿಕೊಂಡಿದ್ದ ಮಾತು. ಅದರಿಂದಲೇ ಈಗ ಅವಳಿಗೆ ಬಿಡುಗಡೆಯಿರಲಿಲ್ಲ. ಬೇರೆಯವರು ಬಂದು ಬಳೆ ಒಡೆಯುವ ಮೊದಲೇ ತಾನೇ ಬಿಚ್ಚಿ ಗೂಡಿನಲ್ಲಿಟ್ಟಳು. ಅತ್ತೆ ಮರುದಿನ ಗಂಜಿ ಕುಡಿದರು. ದಸರೆ ಕಳೆದ ಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ಆ ನೆಮ್ಮದಿಯನ್ನು ಕೊಟ್ಟವಳಿಗೆ ಯಾರೂ ಏನೂ ಕೊಡಲಿಲ್ಲ. ಕಾಗೆಗಳನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಅಕ್ಕ ಆಮೇಲೂ ಅಡುಗೆ ಮಾಡಿದಳು. ಪಪ್ಪು ಅದೇ, ಕೊಳಂಬು ಅದೇ, ರುಚಿಯಲ್ಲಿ ಒಂದು ಎಳೆಯೂ ಕಡಿಮೆಯಾಗಲಿಲ್ಲ. ಅವಳು ಮಾತ್ರ ಒಣಗುತ್ತ ಹೋದಳು. ಇಂದು ನನ್ನ ಕೈಯಲ್ಲಿ ಏನಾದರೂ ರುಚಿಯಿದ್ದರೆ ಅದು ಅವಳದೇ. ಆದರೆ ಅವಳ ಹೊಟ್ಟೆಗೆ ಒಂದು ತುತ್ತು ಇಳಿಯುವಂತೆ ಮಾಡಲು ಆ ರುಚಿಗೂ ಆಗಲಿಲ್ಲ. ಒಂದು ಚಳಿಗಾಲದಲ್ಲಿ ಜ್ವರ ಬಂತು. ಏಳಲಿಲ್ಲ.

ಹೋಗುವ ಹಿಂದಿನ ದಿನ ನಾನು ಕಾಲು ಒತ್ತುತ್ತ ಕೂತಿದ್ದೆ. ಅವಳು ಸೂರು ನೋಡುತ್ತಲೇ ಹೇಳಿದಳು: “ಆವತ್ತು ಒಂದ್ ಹಿಡಿ ಉಪ್ಪು ಜಾಸ್ತಿ ಹಾಕ್ಬುಟ್ಟಿದ್ರೆ ಆಗೋಗದು. ಕಾಗೆ ಮುಟ್ತಿರ್ನಿಲ್ಲ. ಹಾಕಾನ ಅಂತಾನೆ ಹಿಡಿ ತುಂಬ್ಕಂಡಿದ್ದೆ ಕಣಮ್ಮಿ. ಉಣ್ಣೋರು ಅವ್ರಲ್ವಾ ಅನ್ನುಸ್ಬುಡ್ತು. ಅಷ್ಟು ದೂರದಿಂದ ಹಸ್ಕೊಂಡ್ ಬಂದೋರ್ಗೆ ಕೆಟ್ಟಡ್ಗೆ ಹೆಂಗಿಕ್ಲಿ?”